ಹಲಗೆಯ ಮೇಲಿನ ಬಟ್ಟೆ

ಮಾನ್ಯ ಪ್ರಾಂತೀಯ ಶಿಕ್ಷಣಾಧಿಕಾರಿಗಳೇ,

ನನ್ನ ತರಗತಿಯ ಹುಡುಗಿಯೊಬ್ಬಳ ರೊಟ್ಟಿ ಹಲಗೆಯ ಮೇಲಿದ್ದ ಬಟ್ಟೆಯನ್ನು ನೀವು ಕೈಯಾರೆ ಎತ್ತಿದಿರಿ. ಅಂದಿನಿಂದ ಅವಳು ಶಾಲೆಗೆ ಬಂದಿಲ್ಲ. ನಿಮ್ಮ ಕಚೇರಿ ನನಗೆ ಉತ್ತರ ಕೊಡದ ಕಾರಣ ಇದನ್ನು ಎಲ್ಲರ ಮುಂದೆ ಬರೆಯುತ್ತಿದ್ದೇನೆ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಂದು ತೆಗೆಸಿದ ಚಿತ್ರದ ಕೆಳಗೆ ನೀವು ಬರೆಸಿದ್ದೀರಲ್ಲ, ಅಷ್ಟು ಸಾಕು.

ನೀವು ಬೇರೆ ಊರಿನವರಾಗಿದ್ದರೆ, ತಿಳಿಯದೆ ಮಾಡಿದರು ಎಂದು ಸುಮ್ಮನಿರುತ್ತಿದ್ದೆ. ಆದರೆ ನೀವು ನಮ್ಮ ಓಣಿಯವರು. ತಾಯಿ ನಾದಿ ತಟ್ಟಿಕೊಟ್ಟ ಹಿಟ್ಟನ್ನು ಹಲಗೆಯ ಮೇಲಿಟ್ಟು, ತಲೆಯ ಮೇಲೆ ಹೊತ್ತು, ಓಣಿಗೆಲ್ಲ ರೊಟ್ಟಿ ಬೇಯಿಸಿಕೊಡುವ ಬೂಶ್ತಾ ಅವರ ಒಲೆಗೆ ತಂದವರು. ನಿಮ್ಮ ಮನೆಯ ರೊಟ್ಟಿಗೆ ಮೂರು ಬೆರಳಿನ ಗುರುತಿರುತ್ತಿತ್ತು ಎಂದು ಆ ಮುದುಕ ಇಂದಿಗೂ ಹೇಳುತ್ತಾರೆ. ಮೊರಾಕ್ಕೊದ ಹಳೆಯ ಪೇಟೆಗಳಲ್ಲಿ ಒಲೆ ಎಲ್ಲರದು, ಗುರುತು ಮನೆಮನೆಯದು. ದಾರಿಯಲ್ಲಿ ಒಬ್ಬರ ಹಲಗೆಯ ಬಟ್ಟೆಯನ್ನು ಇನ್ನೊಬ್ಬರು ಎತ್ತುವುದಿಲ್ಲ. ಇದನ್ನು ನಿಮಗೆ ನಾನು ಪಾಠ ಮಾಡಬೇಕೆ?

ನೀವು ನೋಡಬಂದ ರೊಟ್ಟಿ ಹಂಚಿಕೆ ಮಕ್ಕಳು ತಾವೇ ಯೋಚಿಸಿ ಕಟ್ಟಿದ ಕೆಲಸ. ಹಿಟ್ಟಿರುವ ಮನೆಯ ಮಗು ಒಂದು ರೊಟ್ಟಿ ಹೆಚ್ಚಿಗೆ ತರುತ್ತದೆ. ಹಿಟ್ಟಿಲ್ಲದ ಮನೆಯ ಮಗು ಹಲಗೆಯ ಮೇಲೆ ಹಿಟ್ಟಿನ ಉಬ್ಬು ಕಾಣುವಂತೆ ಮಡಚಿದ ಬಟ್ಟೆಯಿಟ್ಟು, ಅದರ ಮೇಲೆ ಹೊದಿಕೆ ಹೊದಿಸಿ, ಅದೇ ಸಾಲಿನಲ್ಲಿ ಬರುತ್ತದೆ. ಒಳಗೆ ಬೂಶ್ತಾ ಒಬ್ಬರೇ ಹೊದಿಕೆ ತೆಗೆಯುವುದು, ಅವರೇ ಖಾಲಿ ಹಲಗೆ ತುಂಬಿಸುವುದು. ಹೋಗುವಾಗ ಎಲ್ಲ ಹಲಗೆಗಳೂ ಒಂದೇ ಥರ. ಯಾರು ಕೊಟ್ಟರು, ಯಾರು ಪಡೆದರು, ನನಗೂ ಗೊತ್ತಿರಲಿಲ್ಲ. ಹೆಚ್ಚಿನ ರೊಟ್ಟಿಗೂ ಮನೆಯ ಗುರುತು ಹಾಕೋಣ ಎಂದು ಕೆಲವರು ಹಟ ಹಿಡಿದಾಗ ಈ ಹುಡುಗಿಯೇ ಎದ್ದು ನಿಂತಳು.

"ಬೇಡಪ್ಪ. ಗುರುತಿದ್ರೆ ತಿನ್ನೋವಾಗ ಗಂಟಲಲ್ಲಿ ಸಿಕ್ಕೊಳ್ಳತ್ತೆ."

"ನಿಂಗೆ ಹೇಗೆ ಗೊತ್ತು? ಯಾರ ಬೆರಳಾದ್ರೂ ನುಂಗಿದ್ಯಾ?" ಎಂದ ಒಬ್ಬ. ಎಲ್ಲರೂ ನಕ್ಕರು, ಅವಳೂ ನಕ್ಕಳು. ರೊಟ್ಟಿಗೆ ಗುರುತು ಬೀಳಲಿಲ್ಲ.

ಒಲೆಗೆ ಹೋಗಲು ಮಧ್ಯಾಹ್ನಕ್ಕೆ ಸ್ವಲ್ಪ ಮೊದಲೇ ಮಕ್ಕಳನ್ನು ಬಿಡಲು ಅನುಮತಿ ಬೇಕಿತ್ತು. ಅದಕ್ಕಾಗಿ ನಿಮ್ಮ ಬಳಿ ಬಂದು ಎಲ್ಲವನ್ನೂ ವಿವರಿಸಿದೆ. ಪುದೀನ ಚಹಾ ತರಿಸಿದಿರಿ. "ಟೀಚರ್, ನಾನೂ ಆ ಒಲೆ ರೊಟ್ಟಿ ತಿಂದೇ ಬೆಳೆದವನು. ಕ್ಯಾಮೆರಾ ಗೀಮೆರಾ ಏನೂ ತರಲ್ಲ. ಸುಮ್ನೆ ಒಂದು ದಿನ ಬಂದು ನೋಡ್ಕೊಂಡು ಹೋಗ್ತೀನಿ" ಎಂದಿರಿ. ನಾನು ನಂಬಿದೆ. ನಿಮ್ಮ ಹುದ್ದೆಯನ್ನಲ್ಲ, ಆ ರೊಟ್ಟಿಯನ್ನು.

ನೀವು ಬಂದಿರಿ. ಛಾಯಾಗ್ರಾಹಕನೂ ಬಂದ. ಸಾಲಿನಲ್ಲಿ ನಿಂತಿದ್ದ ಅವಳ ಮುಂದೆ ಬಗ್ಗಿ, "ಏನು ತಂದಿದ್ದೀಯಮ್ಮ, ತೋರ್ಸು ನೋಡೋಣ" ಎಂದಿರಿ. ಅವಳು ಹಲಗೆಯನ್ನು ಕೆಳಗಿಳಿಸಿ ಎದೆಗವಚಿಕೊಂಡಳು.

"ಸರ್, ಒಳಗಡೆ ತೆಗೀತಾರೆ, ಇಲ್ಲಿ ತೆಗಿಯಲ್ಲ," ಎಂದಳು.

"ನಾಚ್ಕೋಬೇಡ, ಫೋಟೋ ಚೆನ್ನಾಗಿ ಬರತ್ತೆ."

ನಾನು ಸಾಲಿನ ತುದಿಯಿಂದ ಕೂಗಿ ಓಡಿ ಬರುವಷ್ಟರಲ್ಲಿ ನೀವು ಬಟ್ಟೆ ಎತ್ತಿಯಾಗಿತ್ತು. ಕೆಳಗೆ ಇನ್ನೊಂದು ಬಟ್ಟೆ. "ಏ, ಇವಳ ಹಲಗೇಲಿ ಹಿಟ್ಟೇ ಇಲ್ಲ!" ಎಂದು ಪಕ್ಕದ ಹುಡುಗ ಕೂಗಿದ. ಅವನು ಮಗು. ನೀವು? ಛಾಯಾಗ್ರಾಹಕನ ಕಡೆ ತಿರುಗಿ, "ಬಾರಯ್ಯ ಬೇಗ, ಫಲಾನುಭವಿ ಸಿಕ್ಕಿದ್ಳು" ಎಂದಿರಿ. ಒಲೆಯಿಂದ ಆಗಷ್ಟೇ ಹೊರಬಂದ ಯಾರದೋ ರೊಟ್ಟಿಯನ್ನು ಅವಳ ಕೈಗಿಟ್ಟು, ಅವಳ ತಲೆ ಸವರಿ, ನಗಲು ಹೇಳಿದಿರಿ. ಅವಳು ನಕ್ಕಳು. ದೊಡ್ಡವರು ಹೇಳಿದಂತೆ ಕೇಳಬೇಕೆಂದು ಅವಳಿಗೆ ಕಲಿಸಿದವಳು ನಾನೇ.

ಈಗ ಆ ನಗು ನಿಮ್ಮ ಕಚೇರಿಯ ಬಾಗಿಲಲ್ಲಿ ಚೌಕಟ್ಟಿನೊಳಗಿದೆ. ಫೋನಿನಿಂದ ಫೋನಿಗೆ ಓಡಾಡುತ್ತಿದೆ. ನಾನು ಅವರ ಮನೆಗೆ ಹೋದಾಗ ತಾಯಿ ಬಾಗಿಲನ್ನು ಅರ್ಧ ಮಾತ್ರ ತೆರೆದರು. "ಟೀಚರ್, ನೀವು ಇಲ್ಲಿ ನಿಂತಿರೋದನ್ನೂ ಓಣಿ ನೋಡ್ತಿದೆ. ನನ್ನಾಣೆ, ಹೋಗಿಬಿಡಿ" ಎಂದರು. ಬಾಗಿಲ ಸಂದಿಯಲ್ಲಿ ಹಲಗೆ ಕಂಡಿತು, ಗೋಡೆಗೆ ಒರಗಿಸಿಟ್ಟಿದ್ದರು.

ನಿಮ್ಮ ಭೇಟಿಯ ಫಲವನ್ನೂ ತಿಳಿಸಬೇಕಲ್ಲ. ಯೋಜನೆ ಬೆಳೆದಿದೆ. ಮಕ್ಕಳು ಈಗ ಹಲಗೆಗೆ ಬಟ್ಟೆ ಹೊದಿಸುವುದಿಲ್ಲ. ಯಾರ ರೊಟ್ಟಿ ದೊಡ್ಡದು ಎಂದು ದಾರಿಯುದ್ದಕ್ಕೂ ತೋರಿಸುತ್ತ ಬರುತ್ತಾರೆ. ಒಲೆಯ ಪಕ್ಕದ ಗೂಡು ತುಂಬಿ ತುಳುಕುತ್ತದೆ. ತೆಗೆದುಕೊಳ್ಳುವವರು ಮಾತ್ರ ಒಬ್ಬರೂ ಇಲ್ಲ. "ಒಣಗಿ ಕಲ್ಲಾಗ್ತಿದೆ ಕಣಮ್ಮ, ಕುರಿಗೆ ಹಾಕ್ತಿದೀನಿ" ಎನ್ನುತ್ತಾರೆ ಬೂಶ್ತಾ. ಬೇಡಿಕೆ ಇಲ್ಲದಿರುವುದನ್ನು ನಿಮ್ಮ ಕಚೇರಿ ಬಲು ಚುರುಕಾಗಿ ಗಮನಿಸಿದೆ. ಬಡಾವಣೆಯ ಹಸಿವು ನೀಗಿತೆಂದು ನಮ್ಮ ಶಾಲೆಗೆ ಅಭಿನಂದನಾ ಪತ್ರವೂ ಬಂದಿದೆ. ಅದನ್ನು ಯಾವ ಗೋಡೆಗೆ ನೇತುಹಾಕಲಿ? ಅವಳು ಕೂರುತ್ತಿದ್ದ ಬೆಂಚಿನ ಮೇಲಿನ ಗೋಡೆಗೆ?

ನಿಮ್ಮಿಂದ ಕ್ಷಮಾಪಣೆಯ ಸಮಾರಂಭ ಬೇಡ. ದಯವಿಟ್ಟು ಅವರ ಮನೆಗೂ ಹೋಗಬೇಡಿ. ಆ ಚಿತ್ರವನ್ನು ಇಳಿಸಿ, ಎಲ್ಲ ಕಡೆಯಿಂದಲೂ ಅಳಿಸಿ. ಬರುವ ಶುಕ್ರವಾರ ಕಾರನ್ನು ಪೇಟೆಯ ಹೆಬ್ಬಾಗಿಲಲ್ಲೇ ಬಿಟ್ಟು, ನಿಮ್ಮ ಮನೆಯ ಹಲಗೆಗೆ ಬಟ್ಟೆ ಹೊದಿಸಿ, ತಲೆಯ ಮೇಲೆ ಹೊತ್ತು, ಓಣಿಯುದ್ದಕ್ಕೂ ನಡೆದು ಒಲೆಗೆ ಬನ್ನಿ. ಸಾಲಿನಲ್ಲಿ ನಿಲ್ಲಿ. ಹಾಗೆಯೇ ಹೊದಿಸಿಕೊಂಡು ಹಿಂದಿರುಗಿ. ಅವಳ ಮನೆಯ ಕಿಟಕಿ ಓಣಿಗೇ ತೆರೆಯುತ್ತದೆ. ಹೊದಿಸಿದ ಹಲಗೆ ಹೊತ್ತು ಅಧಿಕಾರಿಯೇ ನಡೆದದ್ದನ್ನು ಕಂಡರೆ, ಅವಳೂ ಒಂದು ದಿನ ತನ್ನ ಹಲಗೆಯನ್ನು ಗೋಡೆಯಿಂದ ಎತ್ತಿಕೊಂಡಾಳು.

ನಿಮ್ಮ ಹಲಗೆಯಲ್ಲಿ ಏನಿತ್ತು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ಇಂತಿ,
ನೀವು ಓಣಿಯ ಮಗನೆಂದು ನಂಬಿ ಬಾಗಿಲು ತೆರೆದ,
ನಜಾತ್ ಲಮ್ರಾನಿ
ಶಿಕ್ಷಕಿ, ಚರ್ಮ ಹದಮಾಡುವವರ ಓಣಿಯ ಶಾಲೆ