ಅಪ್ಪನ ಭುಜದ ಗಂಟು

ಬೆಟ್ಟದಪುರ
೧೮ ಜನವರಿ ೨೦೨೫, ಶನಿವಾರ

ಪ್ರೀತಿಯ ಮಗಳು ಹೇಮಶ್ರೀಗೆ,

ಹೇಗಿದ್ದೀಯವ್ವಾ? ಸರಗೂರಿನ ಚಳಿಗೆ ಹಿಡಿದ ಕೆಮ್ಮು ಬಿಟ್ಟಿತೇ? ಮಕ್ಕಳಿಗೆ ಪಾಠ ಹೇಳುವಾಗ ಕೂಗಿ ಗಂಟಲು ಕೆಡಿಸಿಕೊಳ್ಳಬೇಡ. ಫೋನು ಮಾಡಿದರೆ ನಿಮ್ಮವ್ವ ಪಕ್ಕದಲ್ಲೇ ನಿಂತು ನನ್ನ ಮಾತನ್ನೂ ತಾನೇ ಆಡಿಬಿಡುತ್ತಾಳೆ. ಅದಕ್ಕೇ ಈ ಕಾಗದ.

ಗೆದ್ದೆ ಕಣವ್ವಾ! ನನ್ನ ಎಡಭುಜದ ಗಂಟು ಬರೀ ಕೊಬ್ಬಿನದಂತೆ, ಕ್ಯಾನ್ಸರ್ ಅಲ್ಲ! ಯಾವ ಗಂಟು ಎಂದು ಬಯ್ಯಬೇಡ. ಟವೆಲ್ಲಿನಡಿ ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದೆ, ಯಾರಿಗೂ ಹೇಳಿರಲಿಲ್ಲ. ನಿಂಬೆಕಾಯಿಯಷ್ಟಿದ್ದದ್ದು ಆರು ತಿಂಗಳಲ್ಲಿ ಮೂಸಂಬಿಯಷ್ಟಾಗಿ, ತೋಳೆತ್ತಿದರೆ ನೋಯತೊಡಗಿತು. ಹೊಗೆಸೊಪ್ಪಿನ ಹರಾಜಿಗೆ ಎಂದು ನಿಮ್ಮವ್ವನಿಗೆ ಸುಳ್ಳು ಹೇಳಿ ಮೈಸೂರಿನ ಆಸ್ಪತ್ರೆಗೆ ಒಬ್ಬನೇ ಹೋದೆ. ಸ್ಕ್ಯಾನ್ ನೋಡಿದ ಡಾಕ್ಟರಮ್ಮ, ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಬಯಾಪ್ಸಿ ಎಂದರು. ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ಎದ್ದು ಊರಿಗೆ ಓಡಿಬರಲೂ ನೋಡಿದೆ, ನಿನಗೊಬ್ಬಳಿಗೇ ಹೇಳುತ್ತಿದ್ದೇನೆ. ಆದರೆ ಏನೆಂದು ಗೊತ್ತಿಲ್ಲದೆ ಬದುಕುವುದು ಇನ್ನೂ ಕಷ್ಟ ಅನ್ನಿಸಿ ಒಳಗೆ ಹೋದೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸ್ಕ್ಯಾನಿನ ಪರದೆ ನೋಡುತ್ತಲೇ ದಪ್ಪ ಸೂಜಿ ತೂರಿಸಿದರು. ‘ಟಕ್ ಅಂತ ಸದ್ದು ಬರುತ್ತೆ ಯಜಮಾನ್ರೇ, ಅಲುಗಾಡಬೇಡಿ’ ಎಂದರು. ನಾಲ್ಕು ಸಲ ಟಕ್. ಅಷ್ಟೇ! ಸೀಸೆಯೊಳಗೆ ದಾರದ ತುಂಡಿನಂಥ ನನ್ನದೇ ಮಾಂಸ ಕಂಡಿತು.

ಮರುದಿನ ಬನಿಯನ್ ಹಾಕಿಕೊಳ್ಳಲಾಗದೆ ಒದ್ದಾಡುತ್ತಿದ್ದಾಗ ನಿಮ್ಮವ್ವ ಬಂದು ಪ್ಲಾಸ್ಟರ್ ನೋಡಿಬಿಟ್ಟಳು. ‘ನಾನೇನು ಸತ್ತೋಗಿದ್ನಾ? ನಂಗ್ಯಾಕ್ರೀ ಏಳ್ನಿಲ್ಲ?’ ಎಂದು ಅತ್ತಳು. ನಿನ್ನೆ ರಿಪೋರ್ಟ್ ತರಲು ಹೊರಟಾಗ ಹಟ ಹಿಡಿದು ಜೊತೆಗೆ ಬಂದಳು. ಡಾಕ್ಟರಮ್ಮ ‘ಏನೂ ಭಯ ಇಲ್ಲ’ ಅಂದದ್ದೇ ತಡ, ಎಲ್ಲರೆದುರೇ ನನ್ನ ಕೈ ಹಿಡಿದುಕೊಂಡಳು! ನಲವತ್ತು ವರ್ಷದ ಸಂಸಾರದಲ್ಲಿ ಇದೇ ಮೊದಲು. ನನಗೇ ನಾಚಿಕೆಯಾಯಿತು. ಆಮೇಲೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಬ್ಬರೂ ಮಸಾಲೆ ದೋಸೆ ತಿಂದೆವು.

ನಿನಗೂ ಅಳಿಯ ಬಸವಪ್ರಸಾದರಿಗೂ ಬೆಟ್ಟದ ಮಲ್ಲಿಕಾರ್ಜುನ ಒಳ್ಳೆಯದು ಮಾಡಲಿ.

ನಿನ್ನ ಅಪ್ಪ,
ಪುಟ್ಟಮಲ್ಲಪ್ಪ

ತಾ.ಕ.: ಇದನ್ನು ಹೇಗೆ ಬರೆಯಬೇಕೋ ತಿಳಿಯದೆ ಕೊನೆಗೆ ಉಳಿಸಿಕೊಂಡೆ. ದೋಸೆ ಮುಗಿದ ಮೇಲೆ ನಿಮ್ಮವ್ವ ಮೆಲ್ಲಗೆ, ‘ನಂಗೂ ಒಂದು ಗಂಟದೆ ಕಣ್ರೀ, ಎದೇಲಿ. ಒಂದೊರ್ಸ ಆಯ್ತು. ನಿಮ್ಮಂಗೇ ನಾನೂ ತೋರಿಸ್ಕತೀನಿ’ ಅಂದಳು. ಊರಿನ ಬಸ್ಸು ಬಿಟ್ಟು ವಾಪಸ್ ಆಸ್ಪತ್ರೆಗೇ ಹೋಗಿ ಚೀಟಿ ಬರೆಸಿದೆವು. ೩೧ನೇ ತಾರೀಖು, ಶುಕ್ರವಾರ ಬರಹೇಳಿದ್ದಾರೆ. ಹೆಂಗಸರ ಕೋಣೆಯೊಳಗೆ ನನ್ನನ್ನು ಬಿಡುವುದಿಲ್ಲವಂತೆ. ರಜೆ ಹಾಕಿ ಹಿಂದಿನ ದಿನವೇ ಬಾ ಮಗಾ. ಒಳಗೆ ಅವಳು ಒಬ್ಬಳೇ ಇರಬಾರದು.