ಆಸಿಡ್ ತಿಂದ ಕಲ್ಲು

ಗುರುವಾರ, ಹನ್ನೆರಡನೇ ತಾರೀಖು.

ತಂಗೀ, ನಿನ್ನ ಮಂಡಿನೋವು, ಯಜಮಾನರ ಕೆಮ್ಮು ಹೇಗಿವೆ? ನಿನಗೆ ಕಳಿಸದ ದಿನಚರಿಯಲ್ಲೂ ಇದನ್ನೇ ಕೇಳುತ್ತೇನೆ.

ನಮ್ಮ ಲ್ಯಾಬಿನಲ್ಲಿ, ಎಣ್ಣೆ ಹರಿಯಲು ದಾರಿ ಕೊರೆಯುತ್ತದೆಯೇ ಎಂದು ತಿಳಿಯಲು, ಎಣ್ಣೆಬಾವಿಯಿಂದ ತೆಗೆದ ಕಲ್ಲಿಗೆ ಆಸಿಡ್ ಹರಿಸುವ ಮೊದಲೂ ಆಮೇಲೂ ಸ್ಕ್ಯಾನ್ ತೆಗೆದು ಹೋಲಿಸುತ್ತೇವೆ. ಮೊದಲಿನ ಸ್ಕ್ಯಾನಿಗೆ ನಾನು ಪಕ್ಕದ ತಟ್ಟೆಯ ಕಲ್ಲನ್ನು ಇಟ್ಟುಬಿಟ್ಟಿದ್ದೇನೆ, ಇವತ್ತು ಗೊತ್ತಾಯಿತು. ಆಸಿಡ್ ಕೊರೆದ ದಾರಿ ಎಂದುಕೊಂಡದ್ದು ಕಲ್ಲಿನ ಹುಟ್ಟುಬಿರುಕೇ ಇರಬಹುದು. ಇನ್ನೊಮ್ಮೆ ನೋಡೋಣವೆಂದರೆ ಕಲ್ಲನ್ನು ಆಸಿಡ್ ತಿಂದಾಗಿದೆ.

ಆ ಸ್ಕ್ಯಾನುಗಳ ವರದಿಗೆ, ಪರಿಶೀಲಿಸಿದವಳೆಂದು, ಸಹಿ ನಿನ್ನ ಮಗಳದು. "ಮಾವ, ನೀವು ನೋಡಿದ್ಮೇಲೆ ನಾನೇನ್ ನೋಡೋದು, ಪೆನ್ ಕೊಡಿ" ಎಂದು ನಕ್ಕಿದ್ದಳು. ಆ ವರದಿಯನ್ನೇ ನಂಬಿ ಶನಿವಾರ ಬಾವಿಗೆ ಆಸಿಡ್ ಬಿಡುತ್ತಾರೆ. ಹೇಳಿದರೆ ಅವಳ ಬಡ್ತಿ ನಿಲ್ಲುತ್ತದೆ. ಮಧ್ಯಾಹ್ನವೆಲ್ಲ ಅವಳ ಮೇಜಿನ ಸುತ್ತ ಸುಳಿದೆ, ಕೊನೆಗೆ ಒಂದು ಪೆನ್ ಕೇಳಿಕೊಂಡು ವಾಪಸ್ ಬಂದೆ.

ನಾಳೆ ಹೇಳಿಯೇಬಿಡುತ್ತೇನೆ. ಆಮೇಲೆ ನಿನಗೆ ನಿಜವಾಗಿ ಪತ್ರ ಹಾಕುತ್ತೇನೆ. ಬೈಯುವುದಕ್ಕಾದರೂ ಬೇಗ ಬರೆ.