ಬೂಟಿನೊಳಗಿನ ಕಲೆ

ನಾರಾಯಣಖೇಡ್

ಅಪ್ಪನಿಗೆ,

ಫೋನಿನಲ್ಲಿ ಕೇಳಿದರೆ ನೀನು ಮಾತು ಮರೆಸುತ್ತೀ, ಅದಕ್ಕೇ ಈ ಕಾಗದ.

ನಿನ್ನೆ ಕಾಡಂಚಿನ ತಾಂಡಾದಲ್ಲಿ ಝಮಕಿಬಾಯಿ ಎಂಬ ಮುದುಕಿಯ ಹೊಲ ಅಳೆಯಲು ಹೋಗಿದ್ದೆ. ೨೦೦೫ಕ್ಕಿಂತ ಮೊದಲೇ ಉತ್ತಿದ್ದಳೆಂದು ರುಜುವಾತಾದರೆ ಮಾತ್ರ ಆಕೆಗೆ ಪಟ್ಟಾ. ಇಲ್ಲವಾದರೆ ಅಲ್ಲಿ ನಮ್ಮ ಅರಣ್ಯ ಇಲಾಖೆ ಸಸಿ ನೆಡುತ್ತದೆ. ಆಕೆಯ ಬಳಿ ಒಂದು ಚೀಟಿಯೂ ಇಲ್ಲ.

"ಗೊಬ್ಬರಕ್ಕಂತ ಒಬ್ಬ ಕುರುಬ ಈ ಹೊಲದಾಗ ಕುರಿ ನಿಲ್ಲಿಸಿದ್ದ. ಆತನ ಮಗಳು ನನ್ನ ಒಲಿಯಾಗ ಎಡಗಾಲಿಟ್ಟು ಸುಟ್ಕೊಂಡಿತ್ತು, ನಾನೇ ಎಣ್ಣಿ ಹಚ್ಚೀನಿ" ಅಂದಳು.

ನಾನು ಬೂಟು ಬಿಚ್ಚಲಿಲ್ಲ. ಎಡಗಾಲಿನ ಸುಟ್ಟ ಕಲೆ ಅದರೊಳಗೇ ಉಳಿಯಿತು.

ಕಾಡಿನ ಕಡೆ ಕುರಿ ಹೊಡೆದೇ ಇಲ್ಲ ಅನ್ನುತ್ತಿದ್ದೆಯಲ್ಲ, ನನ್ನ ಕಾಲು ನಿಜವಾಗಿ ನಮ್ಮ ಮನೆಯ ಒಲೆಯಲ್ಲೇ ಸುಟ್ಟಿತೇ? ಆಗ ನನಗೆಷ್ಟು ವರ್ಷ? ನಾಲ್ಕಾಗಿದ್ದರೆ ಅದು ೨೦೦೩, ಆಕೆಯ ಹೊಲ ಉಳಿಯುತ್ತದೆ. ಏಳಾಗಿದ್ದರೆ ಇಲ್ಲ. ಸುಳ್ಳು ಬೇಡ, ನೆನಪು ಮಾಡಿಕೊಂಡು ಹೇಳು.

ಗುರುವಾರ ತಾಂಡಾದಲ್ಲಿ ಗ್ರಾಮಸಭೆ, ಬಂದು ಸಾಕ್ಷಿ ಹೇಳು. ಕಾಡಿನ ಕಡೆ ಕುರಿ ಹೊಡೆದದ್ದಕ್ಕೆ ದಂಡ ಬಿದ್ದೀತೆಂದು, ಮಗಳೇ ಫಾರೆಸ್ಟಿನವಳೆಂದು ಹೆದರಬೇಡ, ನಿನ್ನ ಹೇಳಿಕೆ ಬರೆದುಕೊಳ್ಳುವವರು ಬೇರೆ. ಆಕೆಗೆ ಗುರುತು ಸಿಗಲಿ, ಕಂಬಳಿ ಹೊದ್ದು ಬಾ.

ನಾನು ಅಂದು ಚಪ್ಪಲಿ ಹಾಕಿಕೊಂಡು ಬರುತ್ತೇನೆ.

ನಿನ್ನ ಮಗಳು,
ನಾಗರತ್ನಾ